ಒಂದೂವರೆ ತೋಳಿನ ಸ್ವೆಟರ್

ಅವತ್ತಿನ ರಾಮಾಯಣಕ್ಕೆಲ್ಲ ಕಾರಣ ಒಂದು ಬನಿಯನ್.

"ಹಾಕ್ಕೊಂಡ್ರೆ ಬೆವರು ಹೀರುತ್ತೆ, ಹಾಕ್ಕೊಳ್ರೀ," ಎಂದಳು ಹೆಂಡತಿ.

"ಹಾಕ್ಕೊಂಡ್ರೆ ಇನ್ನೂ ಸೆಕೆ. ಬಿಚ್ಚೋ," ಎಂದರು ಅಮ್ಮ.

ಟಪಾಲಪ್ಪ ಕನ್ನಡಿಯ ಮುಂದೆ ಒಂದು ಕೈ ಬನಿಯನ್ನಿನ ಒಳಗೆ, ಒಂದು ಕೈ ಹೊರಗೆ ಇಟ್ಟುಕೊಂಡು ನಿಂತಿದ್ದ. ಹಾಕಿದರೆ ಅಮ್ಮನಿಗೆ ಸಿಟ್ಟು, ಬಿಚ್ಚಿದರೆ ಹೆಂಡತಿಗೆ ಸಿಟ್ಟು. ಅವನು ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತ. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದು ಅಮ್ಮನಿಗೂ ತೀರಾ ಕೋಪ ಬಂದಾಗ ಮಾತ್ರ ನೆನಪಾಗುತ್ತಿತ್ತು.

ಬನಿಯನ್ನಿನ ಬಗ್ಗೆ ಇಷ್ಟೊಂದು ಯೋಚನೆ ಯಾಕೆ ಅಂದರೆ, ವಿಷಯ ಒಂದು ಕುರ್ಚಿಯದು. ಟಪಾಲಪ್ಪನ ಮೇಜು ಕಚೇರಿಯ ಮೇಲ್ಮಹಡಿಯಲ್ಲಿ, ತಗಡಿನ ಚಾವಣಿಯ ಕೆಳಗಿತ್ತು. ಬೇಸಿಗೆಯಲ್ಲಿ ಅಲ್ಲಿ ಕೂತರೆ ಅಂಚೆ ಚೀಟಿಗಳು ತಾವಾಗಿಯೇ ಬೆರಳಿಗೆ ಅಂಟಿಕೊಳ್ಳುತ್ತಿದ್ದವು. ಕೆಳಗಡೆ ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಎ.ಸಿ. ಇತ್ತು, ಅದೂ ಯಂತ್ರಗಳ ಪುಣ್ಯಕ್ಕೆ. ಅಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ನಡು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಮೂಗು ಸುರ್ರೆನ್ನಿಸುತ್ತ ಓಡಾಡುತ್ತಿದ್ದರು. ಇಡೀ ಕಚೇರಿ ಆ ಸ್ವೆಟರ್ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿತ್ತು. ಈಗ ಅವರು ನಿವೃತ್ತರಾಗಿ ಕುರ್ಚಿ ಖಾಲಿ ಬಿದ್ದಿತ್ತು.

ಅದು ಯಾರಿಗೆ ಅನ್ನುವುದನ್ನು ದೊಡ್ಡ ಸಾಹೇಬರು ಇವತ್ತು ತಾವೇ ಬಂದು ಹೇಳುವವರಿದ್ದರು. ಸಾಹೇಬರಿಗೆ ಹೊಸದಾಗಿ ಸೈಕಲ್ ಹುಚ್ಚು ಹಿಡಿದಿತ್ತು. ಎಲ್ಲರೂ ಸೈಕಲ್ ಮೇಲೆಯೇ ಬರಬೇಕು, ಬಂದು ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು, ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸುತ್ತೇನೆ ಎಂದು ಮೊದಲೇ ಹೇಳಿ ಕಳಿಸಿದ್ದರು.

ಟಪಾಲಪ್ಪನ ಹೆಂಡತಿಗಂತೂ ಕುರ್ಚಿ ಆಗಲೇ ಸಿಕ್ಕಿಬಿಟ್ಟಿತ್ತು. ಸುಡುಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕೂತು ಗಂಡನಿಗೆ ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು. ಒಂದು ತೋಳು ಮುಗಿದು, ಇನ್ನೊಂದು ಅರ್ಧಕ್ಕೆ ಬಂದಿತ್ತು.

"ಬೆವರಿ ಒದ್ದೆಮುದ್ದೆಯಾಗಿ ಹೋಗಿ ನಿಂತ್ರೆ ಯಾವ ಸಾಹೇಬ್ರು ಕುರ್ಚಿ ಕೊಡ್ತಾರೆ? ಬಿಳಿ ಅಂಗೀಲಿ ಠೀವಿಯಾಗಿ ಹೋಗಬೇಕು. ಅದಕ್ಕೇ ಬನಿಯನ್ ಅಂದಿದ್ದು," ಎಂದಳು.

ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಮೆಟ್ಟಿಲಿಳಿದು ಬಂದರು. ಪಕ್ಕದ ಮನೆಯಲ್ಲಿ ಸೂಜಿ ಬಿದ್ದರೂ ಅವರಿಗೆ ಕೇಳಿಸುತ್ತದೆ. ಕೈಯಲ್ಲಿ ಒಂದು ಹಳೆಯ ಆಟದ ಜರ್ಸಿ ಹಿಡಿದಿದ್ದರು.

"ಇದನ್ನ ಹಾಕ್ಕೊಂಡು ಹೋಗಯ್ಯ. ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗುತ್ತೆ. ಬನಿಯನ್ನೂ ಬೇಡ, ಅಂಗೀನೂ ಬೇಡ."

"ಅಂಗಿ ಇಲ್ಲದೆ ಸಾಹೇಬ್ರ ಮುಂದೆ ನಿಂತ್ಕೊಳ್ಲಾ ಮಾಸ್ತರೇ?"

ಈ ಮಾತು ಎದುರು ಮನೆಯ ಟೈಲರ್ ಕಿವಿಗೆ ಬಿತ್ತು. ಅಂಗಿ ಅನ್ನುವ ಪದ ಕೇಳಿದ ಮೇಲೆ ಅವನು ಸುಮ್ಮನಿರುವ ಆಸಾಮಿಯಲ್ಲ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಓಡಿ ಬಂದ.

"ಯಾರೂ ಜಗಳ ಆಡಬೇಡಿ. ಬೆವರು ಎಲ್ಲಿಂದ ಬರುತ್ತೆ? ಒಳಗಿಂದ. ಧೂಳು ಎಲ್ಲಿಂದ ಬರುತ್ತೆ? ಹೊರಗಿಂದ. ಹಾಗಾದ್ರೆ ಒಳ್ಳೆ ಅಂಗಿ ಎಲ್ಲಿರಬೇಕು?"

ಎಲ್ಲರೂ ಅವನ ಬಾಯಿ ನೋಡಿದರು.

"ಮಧ್ಯದಲ್ಲಿ! ಕೆಳಗೆ ಬನಿಯನ್ ಬೆವರು ಕುಡಿಯುತ್ತೆ. ಮೇಲೆ ಜರ್ಸಿ ಧೂಳು ತಡೆಯುತ್ತೆ. ಮಧ್ಯದ ಅಂಗಿ ಅರಮನೇಲಿ ಇದ್ದ ಹಾಗೆ ಇರುತ್ತೆ. ಕಚೇರಿ ಹತ್ರ ಜರ್ಸಿ ಬಿಚ್ಚಿದ್ರೆ ಆಯ್ತು!"

ಆಹಾ, ಎಷ್ಟು ಸರಳ! ಮಾಸ್ತರಿಗೆ ತಮ್ಮ ಜರ್ಸಿ ಮೇಲಿದೆಯೆಂಬ ಸಮಾಧಾನ, ಹೆಂಡತಿಗೆ ಬನಿಯನ್ ಗೆದ್ದ ಸಮಾಧಾನ. ಸೋತವರು ಅಮ್ಮ ಒಬ್ಬರೇ. ಅವರು ಸುಮ್ಮನೆ ಸೋಲುವವರಲ್ಲ. "ಬೆನ್ನಿಗೆ ಇದಾದ್ರೂ ಇರ್ಲಿ," ಎಂದು ಒಂದು ದಪ್ಪ ಟವೆಲನ್ನು ಬನಿಯನ್ನಿಗೂ ಅಂಗಿಗೂ ನಡುವೆ ತುರುಕಿದರು. ಟಪಾಲಪ್ಪ ಸೈಕಲ್ ಹತ್ತಿದಾಗ ಹೊಸ ಗಲೀಫು ತೊಟ್ಟ ದಿಂಬಿನ ಹಾಗೆ ಕಾಣುತ್ತಿದ್ದ.

ಮೊದಲ ತಿರುವಿನವರೆಗೆ ಎಲ್ಲ ಚೆನ್ನಾಗಿತ್ತು. ಎರಡನೆಯ ತಿರುವಿನಲ್ಲಿ ಬನಿಯನ್ ತನ್ನ ಪಾಲಿನ ಬೆವರು ಕುಡಿದು ಮುಗಿಸಿ, ಉಳಿದದ್ದನ್ನು ಟವೆಲಿಗೆ ದಾಟಿಸಿತು. ಸೇತುವೆಯ ಏರು ಬರುವಷ್ಟರಲ್ಲಿ ಟವೆಲೂ ಕೈಚೆಲ್ಲಿತು. ಟಪಾಲಪ್ಪನಿಗೆ ತಾನು ಸೈಕಲ್ ತುಳಿಯುತ್ತಿದ್ದೇನೋ, ಒಲೆಯ ಮೇಲಿನ ಪಾತ್ರೆಯೊಳಗೆ ಕೂತಿದ್ದೇನೋ ತಿಳಿಯದಾಯಿತು. ಏರು ಹತ್ತಿ ಇಳಿದವನೇ ಮರದ ನೆರಳಿನಲ್ಲಿದ್ದ ಇಸ್ತ್ರಿ ಗಾಡಿಗೆ ಸೈಕಲ್ ಒರಗಿಸಿ ಉಸ್ಸಪ್ಪಾ ಎಂದು ಕುಸಿದ.

"ಅಯ್ಯೋ, ಏನ್ ಸ್ವಾಮಿ, ಜ್ವರಾನಾ? ಇಷ್ಟೊಂದು ಬಟ್ಟೆ ಹಾಕ್ಕೊಂಡಿದ್ದೀರಲ್ಲ!" ಎಂದ ಇಸ್ತ್ರಿಯವನು.

ಟಪಾಲಪ್ಪ ಒಂದೊಂದಾಗಿ ಬಿಚ್ಚತೊಡಗಿದ. ಅರಮನೆಯ ಅಂಗಿ ಹಿಂಡಿದರೆ ಚೊಂಬು ತುಂಬುವ ಹಾಗಿತ್ತು. ಅವನಿಗೆ ಅಳುವೇ ಬಂತು. ಹೆಂಡತಿಯ ಮುಖ ನೆನಪಾಯಿತು, ಒಂದೂವರೆ ತೋಳಿನ ಸ್ವೆಟರ್ ನೆನಪಾಯಿತು. ತಲೆ ಮೇಲೆ ಕೈ ಹೊತ್ತು ಕೂತವನ ಮೂಗಿನ ಮುಂದೆ, ಗಾಡಿಯ ಕಂಬಿಗೆ ನೇತುಹಾಕಿದ್ದ ಯಾರದೋ ಗರಿಗರಿ ಅಂಗಿ ಹ್ಯಾಂಗರಿನಲ್ಲಿ ಹಾಯಾಗಿ ತೂಗಾಡುತ್ತಿತ್ತು.

ಅಂಗಿಗೆ ಬೆವರು ತಾಗುವುದು ಮೈಮೇಲಿದ್ದರೆ ತಾನೇ?

"ಇದನ್ನ ಇಸ್ತ್ರಿ ಮಾಡಿ ಒಣಗಿಸಿ ಕೊಡಪ್ಪ. ಹ್ಯಾಂಗರ್ ಸಮೇತ ಕೊಡು," ಎಂದ. ಒದ್ದೆ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಚುಯ್ಯೆಂದಿತು. ಬನಿಯನ್ನನ್ನೂ ಟವೆಲನ್ನೂ ಅಲ್ಲೇ ಬಿಟ್ಟು, ಬರಿಮೈಗೆ ಜರ್ಸಿಯೊಂದನ್ನೇ ಏರಿಸಿ, ಅದರ ಕೊರಳಪಟ್ಟಿಗೆ ಬೆನ್ನ ಕಡೆ ಹ್ಯಾಂಗರ್ ಸಿಕ್ಕಿಸಿಕೊಂಡು ಹೊರಟ. ಮಾಸ್ತರು ಹೇಳಿದ ಹಾಗೆಯೇ ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಯಿತು. ಬೆನ್ನ ಹಿಂದೆ ಬಿಳಿ ಅಂಗಿ ಎರಡೂ ತೋಳು ಚಾಚಿಕೊಂಡು ಪಟಪಟ ಹಾರಿತು.

"ಸ್ವಾಮೀ, ಹಿಂದೆ ಕೂತಿದ್ದವರು ಬಿದ್ದುಹೋಗಿದ್ದಾರೆ, ಬರೀ ಅಂಗಿ ಇದೆ!" ಎಂದು ದಾರಿಹೋಕನೊಬ್ಬ ಕೂಗಿಕೊಂಡ. ಟಪಾಲಪ್ಪ ತಿರುಗಿ ನೋಡಲಿಲ್ಲ.

ಕಚೇರಿಯ ಹಿತ್ತಲಿನಲ್ಲಿ ಟಪಾಲು ಸಾಗಿಸುವ ವ್ಯಾನು ಕೆಟ್ಟು ನಿಂತು ತಿಂಗಳುಗಳೇ ಆಗಿದ್ದವು. ಅದರ ಮರೆಯಲ್ಲಿ ನಲ್ಲಿ ತಿರುಗಿಸಿ ಮೈ ತೊಳೆದುಕೊಂಡ. ಜರ್ಸಿಯಲ್ಲೇ ಒರೆಸಿಕೊಂಡು ತಣ್ಣಗಾಗುವವರೆಗೆ ಕೂತ. ಆಮೇಲೆ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದಾಗ ಅಂಗಡಿಯಿಂದ ಈಗಷ್ಟೇ ತಂದ ಹಾಗಿದ್ದ.

ಅಲ್ಲಿ ನಿಂತಿದ್ದವರದು ಒಬ್ಬೊಬ್ಬರದೂ ಒಂದೊಂದು ಅವಸ್ಥೆ. ಎಲ್ಲರಿಗಿಂತ ಹೀನಾಯ ಲೆಕ್ಕದಣ್ಣನದು. ಲೆಕ್ಕಪತ್ರ ವಿಭಾಗದ ಈ ಭಾರೀ ಹೊಟ್ಟೆಯ ಆಸಾಮಿ ತುಂಬಿದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಗೇಟಿನಲ್ಲಿ ಕಾವಲುಗಾರನ ಸೈಕಲ್ ಎರವಲು ಪಡೆದು, ಹತ್ತದೆ ಬರೀ ತಳ್ಳಿಕೊಂಡು ಒಳಗೆ ಬಂದಿದ್ದ. ಅಂಗಿ ಹೊಟ್ಟೆಗೆ ಅಂಟಿ, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಟಪಾಲಪ್ಪ ಒಳಗೊಳಗೇ ನಕ್ಕ. ಕುರ್ಚಿ ಇನ್ನು ಎಲ್ಲಿಗೆ ಹೋಗುತ್ತೆ?

ದೊಡ್ಡ ಸಾಹೇಬರು ಸಾಲು ನೋಡುತ್ತ ಬಂದರು. ಟಪಾಲಪ್ಪನ ಮುಂದೆ ಬಂದವರು ಗಕ್ಕನೆ ನಿಂತರು.

"ಏನ್ರೀ ಇದು! ನೀವು ಸೈಕಲ್ಲಲ್ಲೇ ಬಂದ್ರಾ?"

"ಹೌದು ಸರ್. ಸೇತುವೆ ಹತ್ತಿ ಇಳಿದು ಬಂದೆ ಸರ್."

"ಒಂದು ಹನಿ ಬೆವರಿಲ್ವಲ್ರೀ! ಬಿಸಿಲು ಹೊಡೀಲಿಲ್ವಾ?"

"ಬಿಸಿಲಾ ಸರ್? ಎಲ್ಲಿತ್ತು ಸರ್?" ಎಂದ ಟಪಾಲಪ್ಪ ಎದೆಯುಬ್ಬಿಸಿ.

ಸಾಹೇಬರು ಅವನ ಬೆನ್ನು ತಟ್ಟಿ, ಕೈಗೆ ಏನೂ ಹತ್ತಲಿಲ್ಲವೆಂದು ಎಲ್ಲರಿಗೂ ಅಂಗೈ ತೋರಿಸಿದರು.

"ನೋಡಿ! ಇಂಥ ಮನುಷ್ಯನನ್ನೇ ನಾನು ಹುಡುಕ್ತಿದ್ದೆ."

ಟಪಾಲಪ್ಪನ ಕಣ್ಣ ಮುಂದೆ ಸ್ವೆಟರಿನ ಅರ್ಧ ತೋಳು ಸರಸರ ಬೆಳೆದು ಮುಗಿದೇಹೋಯಿತು.

"ಆ ವ್ಯಾನು ಇನ್ನು ರಿಪೇರಿ ಆಗಲ್ವಂತೆ. ಊರಿನ ಎಲ್ಲಾ ಪಂಪ್‌ಹೌಸ್‌ಗೂ ಟಪಾಲು ಇನ್ಮೇಲೆ ಸೈಕಲ್ಲಲ್ಲೇ ಹೋಗಬೇಕು. ಈ ಬಿಸಿಲಲ್ಲಿ ಯಾರನ್ನ ಕಳಿಸೋದು ಅಂತ ನನಗೆ ನಿದ್ದೇನೇ ಇರ್ಲಿಲ್ಲ. ಇನ್ನು ಚಿಂತೆ ಇಲ್ಲ, ನಾಳೆಯಿಂದ ಇವರೇ ಹೋಗ್ತಾರೆ!"

ಟಪಾಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ಸರ್... ಆ ಎ.ಸಿ. ಕೋಣೆ ಕುರ್ಚಿ..."

"ನಿಮಗ್ಯಾಕ್ರೀ ಎ.ಸಿ.? ನಿಮಗೆ ಬಿಸಿಲೇ ಗೊತ್ತಾಗಲ್ವಲ್ಲ!" ಸಾಹೇಬರು ಲೆಕ್ಕದಣ್ಣನ ಕಡೆ ತಿರುಗಿ ಕನಿಕರದಿಂದ ತಲೆಯಾಡಿಸಿದರು. "ಪಾಪ, ಇವರನ್ನ ನೋಡಿ. ಸೈಕಲ್ ತುಳಿದು ತುಳಿದು ಕರಗಿಹೋಗಿದ್ದಾರೆ. ಮೊದಲು ಇವರನ್ನ ಕರ್ಕೊಂಡು ಹೋಗಿ ಆ ತಣ್ಣನೆ ಕೋಣೇಲಿ ಕೂರಿಸಿ. ಆ ಕುರ್ಚಿ ಇವರಿಗೇ ಇರ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗಳದ ನಡುವೆ ನಿಂತಿದ್ದ ಟಪಾಲಪ್ಪ ಆಗ ಬೆವರತೊಡಗಿದ. ಹಣೆ, ಕುತ್ತಿಗೆ, ಬೆನ್ನು ಎಲ್ಲ ಕಡೆಯಿಂದ ಧಾರಾಕಾರ ಇಳಿಯಿತು. ನೋಡುವವರು ಯಾರೂ ಇರಲಿಲ್ಲ. ಸಾಹೇಬರು ಆಗಲೇ ಒಳಗೆ ಹೋಗಿದ್ದರು.

ಸಂಜೆ ಸೈಕಲ್ ತೆಗೆಯುವಾಗ ಹಿಂದಿನಿಂದ ಯಾರೋ ಕರೆದರು. ಲೆಕ್ಕದಣ್ಣ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಗುತ್ತ ನಿಂತಿದ್ದ.

"ಒಳಗೆ ಭಯಂಕರ ಚಳಿ ಕಣಯ್ಯ. ಬೇಜಾರು ಮಾಡ್ಕೋಬೇಡ... ನಿಮ್ಮ ಮನೆಯವರು ಒಂದು ಸ್ವೆಟರ್ ಹೆಣೀತಿದ್ದಾರೆ ಅಂದಿದ್ದೆಯಲ್ಲ? ಅದು ಇನ್ನು ನಿನಗೆ ಬೇಕಾಗಲ್ಲ, ಅಲ್ವಾ?"

ಯಾರಿಗೂ ಕೊಡಲ್ಲ ಅನ್ನಲು ಬಾರದ ಟಪಾಲಪ್ಪ ಹೂಂ ಎಂದು ತಲೆಯಾಡಿಸಿಬಿಟ್ಟ. ಅದೊಂದು ಅವನ ಹಳೆಯ ಕಾಯಿಲೆ.

ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ, ಮಾಸ್ತರು, ಟೈಲರ್ ಮೂವರೂ ಕಾದಿದ್ದರು. ಅವರನ್ನು ದಾಟಿಕೊಂಡು ಹೆಂಡತಿ ಓಡಿ ಬಂದಳು. ಮುಖ ಇಷ್ಟಗಲ ಅರಳಿತ್ತು.

"ಎರಡನೇ ತೋಳೂ ಮುಗೀತು ಕಣ್ರೀ! ಎಲ್ಲಿ, ಹಾಕ್ಕೊಂಡು ತೋರಿಸಿ!"

ಟಪಾಲಪ್ಪ ಅಲ್ಲೇ ಬಾಗಿಲಲ್ಲಿ ನಿಂತು ಸ್ವೆಟರ್ ತೊಟ್ಟ. ಅಳತೆ ಕೊಟ್ಟು ಮಾಡಿಸಿದಂತೆ ಮೈಗೆ ಕೂತಿತ್ತು. ಟೈಲರ್ ಕೂಡ ಭೇಷ್ ಎಂದ. ಟಪಾಲಪ್ಪ ಹೆಣಿಗೆಯ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ನಿಧಾನವಾಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ.

"ತುಂಬಾ ಚೆನ್ನಾಗಿದೆ ಕಣೇ," ಎಂದ. "ಹೊಟ್ಟೆ ಹತ್ರ ಮಾತ್ರ ಇನ್ನೊಂದು ಗೇಣು ಅಗಲ ಮಾಡು."