ಬೀಗರೂ ನಾನೂ ಕೂತ ಬೆಂಚು

ಮೈಗೆ ಬಂದ ಕಾಯಿಲೆಯನ್ನು ನಾವು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ. ಮಂಡಿನೋವಿನಿಂದ ಮೂಲವ್ಯಾಧಿಯವರೆಗೆ ಯಾವುದಕ್ಕೂ ಸಂಕೋಚವಿಲ್ಲ. ಮನಸ್ಸಿಗೆ ಬಂದರೆ ಮಾತ್ರ ಬಾಯಿಗೆ ಬೀಗ. ಬ್ಯಾಡಗಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಾನೂ ಹಾಗೇ ಇದ್ದೆ. ಜನ ಸೇರಿದಲ್ಲಿ ನಿಂತರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಈಗಲೇ ಸತ್ತೆ ಅನ್ನಿಸುತ್ತಿತ್ತು. ಹೃದಯದ ಡಾಕ್ಟರು ಪರೀಕ್ಷಿಸಿ, "ಎದಿ ಗಟ್ಟಿ ಐತ್ರಿ. ಹಾವೇರಿಗೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಸ್ರಿ" ಎಂದರು. ಮನೆಗೆ ಬಂದು ನಾನು ಹೇಳಿದ್ದು, "ಗ್ಯಾಸ್ ಅಂತ." ಹೆಂಡತಿ ಗಿರಿಜಾ ಓಮಿನಕಾಳಿನ ಕಷಾಯ ಕುದಿಸಿದಳು. ಅಕ್ಕ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ದೃಷ್ಟಿಯೂ ಅದಕ್ಕೆ ಹೆದರಲಿಲ್ಲ.

ಅಷ್ಟರಲ್ಲಿ ಮಗಳು ಸುಧಾಳ ಮದುವೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮಗನೊಂದಿಗೆ ಗೊತ್ತಾಯಿತು. ಕಲ್ಯಾಣ ಮಂಟಪದ ತುಂಬ ಜನರೆದುರು ನಿಲ್ಲುವುದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು. ಕೊನೆಗೆ ಮಗಳಿಗೆ ಎಲ್ಲ ಹೇಳಿಬಿಟ್ಟೆ. "ಹಾವೇರಿಗೆ ಹೋಗೂದು ಬೀಗರಿಗೆ ಗೊತ್ತಾದ್ರ ಮದುವಿ ಮುರೀತೈತಿ" ಎಂದೆ.

"ಅಷ್ಟಕ್ಕ ಮುರಿಯೂ ಮದುವಿ ಈಗ ಮುರದ್ರ ಚಲೋನ ಆತು. ನಾಳೆ ಹೋಗೂಣು, ಲಗೂ ಏಳಪಾ" ಎಂದಳು.

ಹಾವೇರಿಯ ದವಾಖಾನೆಯ ಮಹಡಿಯಲ್ಲಿ, ಮನಸ್ಸಿನ ಡಾಕ್ಟರ ಕೋಣೆಯೆದುರು, ತಲೆಯ ಮೇಲೆ ಟವೆಲ್ ಹೊದ್ದು ಬೆಂಚಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿ ಒಬ್ಬರು ಸುಡುಬಿಸಿಲಿನಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡಿದ್ದರು. ಸುಧಾ ಬಗ್ಗಿ ನೋಡಿ, "ಮಾಂವಾರ, ಆರಾಮ ಅದೀರಿ?" ಎಂದಳು. ನಮ್ಮ ಬೀಗರೇ.

"ನಾ ಕಣ್ಣ ತೋರಸಾಕ ಬಂದೇನವಾ" ಎಂದರು ಬೀಗರು.

"ಕಣ್ಣಿಂದು ಕೆಳಗ ಐತ್ರಿ" ಎಂದಳು ಸುಧಾ.

ಅವರು ನಿಧಾನವಾಗಿ ಟೋಪಿ ತೆಗೆದರು. "ಮಳಿಗಾಲದಿಂದ ನಿದ್ದಿನ ಇದ್ದಿಲ್ರಿ ಬೀಗರ. ಯಾವುದರಾಗೂ ಮನಸ್ಸ ಇದ್ದಿಲ್ಲ. ಇಲ್ಲಿ ಬರಾಕತ್ತ ಮ್ಯಾಲ ಎರಡ ರೊಟ್ಟಿ ತಿನ್ನಾಕತ್ತೇನಿ. ನಿಮಗ ಗೊತ್ತಾದ್ರ ಹುಡುಗಿ ಕೊಡೂದಿಲ್ಲಂತ ಅಂಜಿದ್ದೆ."

"ಈ ಟವೆಲ್ಲೂ ಅದಕ್ಕ ಹೊದ್ದದ್ದರಿ" ಎಂದೆ. ಇಬ್ಬರೂ ನಕ್ಕ ನಗೆಗೆ ನರ್ಸ್ ಬಂದು ಗದರಿಸಿ ಹೋದಳು.

ಡಾಕ್ಟರಮ್ಮ ಗುಳಿಗೆ ಕೊಟ್ಟರು, ಉಸಿರಾಡುವ ಬಗೆ ಕಲಿಸಿದರು, ಗದ್ದಲದೊಳಗೆ ಸ್ವಲ್ಪಸ್ವಲ್ಪವೇ ಹೋಗಿ ಬರಲು ಹೇಳಿದರು. ಮೊದಲು ಬಸ್ ನಿಲ್ದಾಣ, ಆಮೇಲೆ ಮೆಣಸಿನಕಾಯಿ ಮಾರುಕಟ್ಟೆ. ಮಾರುಕಟ್ಟೆಗೆ ಬೀಗರೂ ಜೊತೆಗೆ ಬಂದರು. ಎದೆ ಹೊಡೆದುಕೊಳ್ಳುತ್ತಿದೆಯೋ ಎಂದು ಗಮನಿಸಲು ಅಲ್ಲಿಯ ಘಾಟು ಬಿಡಲೇ ಇಲ್ಲ; ಇಬ್ಬರೂ ಸೀನುತ್ತಲೇ ಸುತ್ತಿದೆವು.

ಮದುವೆಯ ದಿನ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಎದೆ ಒಮ್ಮೆ ಧಡಧಡ ಎಂದಿತು. ಕಲಿತಂತೆ ಉಸಿರೆಳೆದುಕೊಂಡೆ. ಬೀಗರು ಬೆನ್ನ ಮೇಲೆ ಕೈಯಿಟ್ಟರು. ಅಲೆ ಬಂದಂತೆಯೇ ಇಳಿದು ಹೋಯಿತು. ನಾನು ಅಲ್ಲೇ ನಿಂತಿದ್ದೆ, ಕೊನೆಯವರೆಗೂ. ಆ ಹುರುಪಿನಲ್ಲಿ, ಹೇಳಿಬಿಡಲೇ ಎಂಬಂತೆ ಬೀಗರ ಮುಖ ನೋಡಿದೆ, ಅವರು ಹೂಂ ಎಂದು ತಲೆಯಾಡಿಸಿದರು. ಮೈಕ್ ಹಿಡಿದು, ನಾವಿಬ್ಬರೂ ಹಾವೇರಿಗೆ ಯಾಕೆ ಹೋಗುತ್ತೇವೆಂದು ಸಭೆಗೆಲ್ಲ ಹೇಳಿಬಿಟ್ಟೆ. ಮಂಟಪ ಬೀಳಲಿಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ ಒಬ್ಬೊಬ್ಬರಾಗಿ ಬಂದು, "ಆ ದವಾಖಾನಿ ಎಲ್ಲಿ ಬರ್ತೈತ್ರಿ?" ಎಂದು ಕಿವಿಯಲ್ಲಿ ಕೇಳಿದರು.

ಅಂದಿನಿಂದ ಯಾರ ಮದುವೆ, ಯಾರ ಗೃಹಪ್ರವೇಶವಾದರೂ ನಾನು ಮಾತಾಡದೆ ಕೆಳಗಿಳಿಯುವುದಿಲ್ಲ. ಮೊನ್ನೆ ಗಿರಿಜಾ ಡಾಕ್ಟರಮ್ಮನನ್ನು, "ಇವರ ಕೈಯಾಗಿಂದು ಮೈಕ್ ಬಿಡಸೂ ಗುಳಿಗಿ ಏನರ ಐತೇನ್ರಿ?" ಎಂದು ಕೇಳಿದಳು. ಅಂಥದ್ದು ಇನ್ನೂ ಬಂದಿಲ್ಲವಂತೆ. ಸದ್ಯ, ನನಗೆ ಅದೊಂದೇ ಧೈರ್ಯ.