ನೌನು ಬಲ್ಲ ವರ

ಸುಮ್ಮನೆ ಉಂಡು ಕೈ ತೊಳೆದು ಎದ್ದಿದ್ದರೆ ಮುರುಗೆಪ್ಪನಿಗೆ ಈ ಫಜೀತಿ ಬರುತ್ತಲೇ ಇರಲಿಲ್ಲ. ಹುಬ್ಬಳ್ಳಿಯ ಅರಳೆ ಅಂಗಡಿಯೊಂದರಲ್ಲಿ ಅರಳೆ ತುಂಬಿದ ಅಂಡಿಗೆಗಳ ಮೇಲೆ ಮಸಿಯಿಂದ ಇಂಗ್ಲಿಷ್ ಅಕ್ಷರ ಬರೆಯುವುದು ಅವನ ಕೆಲಸ. ಅಕ್ಷರ ಅವನಿಗೆ ಗೊತ್ತು, ಅರ್ಥ ಆ ಸಿದ್ಧಾರೂಢನಿಗೇ ಗೊತ್ತು. ಅಂಥವನು ಯಾರದೋ ಮದುವೆಮನೆಯಲ್ಲಿ ಬಿಸ್ಕೀಟಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಪಂಕ್ತಿಗೆಲ್ಲ ಕೇಳುವಂತೆ ಓದಿಬಿಟ್ಟ. ಯಾಕೆಂದರೆ ಹೋಳಿಗೆ ಬಡಿಸುತ್ತಿದ್ದ ನೀಲವ್ವ ಎದುರಿಗೇ ನಿಂತಿದ್ದಳು.

ನೀಲವ್ವ ಕೇಳಿಸಿಕೊಂಡಳೋ ಇಲ್ಲವೋ, ಅವಳ ಅಪ್ಪ, ಬೈರಿದೇವರಕೊಪ್ಪದ ಅರಳೆ ವ್ಯಾಪಾರಿ ಸಿದ್ದಪ್ಪ ಚೆನ್ನಾಗಿಯೇ ಕೇಳಿಸಿಕೊಂಡರು. ಮುಂಬೈಯಿಂದ ಬರುವ ಇಂಗ್ಲಿಷ್ ತಂತಿ-ತಾರುಗಳನ್ನು ಕಂಡಕಂಡವರ ಕೈಯಲ್ಲಿ ಓದಿಸಿ ಬೇಸತ್ತಿದ್ದ ಅವರಿಗೆ ಇಂಗ್ಲಿಷ್ ಬಲ್ಲ ಅಳಿಯ ಬೇಕಾಗಿದ್ದ. ಇಂದು ಬೆಳಿಗ್ಗೆ ಹೇಳಿಕಳಿಸಿದ್ದರು: ‘ಮಧ್ಯಾಹ್ನ ಬಾ. ನಮ್ಮ ಭಾವ ಮಡಿವಾಳಪ್ಪ ಇಂಗ್ಲಿಷ್ ಪರೀಕ್ಷಾ ಮಾಡ್ತಾರ. ಪಾಸಾದ್ರ ಹುಡುಗೀನ್ನ ಕೊಡತೇನಿ.’

ಮುರುಗೆಪ್ಪ ಮುಖವನ್ನೂ ತೊಳೆಯದೆ ಕಮರಿಪೇಟೆಯ ತನ್ನ ಓಣಿಯಲ್ಲೇ ಇದ್ದ ಮುದಿ ಗುರುಸಿದ್ದಯ್ಯ ಮಾಸ್ತರರ ಕಟ್ಟೆಗೆ ಓಡಿದ.

“ಮಾಸ್ತರ್ರ, ಮಧ್ಯಾಹ್ನದೊಳಗ ನನಗ ಇಂಗ್ಲಿಷ್ ಕಲಸ್ರಿ!”

“ಲೇ ಮುರುಗ್ಯಾ, ಅದೇನು ಉಪ್ಪಿಟ್ಟಾ, ಲಗೂನ ತಿರುವಿ ಕೊಡಾಕ? ಪರೀಕ್ಷಾ ಮಾಡಾಂವ ಯಾರು?”

“ಬೈರಿದೇವರಕೊಪ್ಪದ ಸಿದ್ದಪ್ಪನವರ ಭಾವ, ಮಡಿವಾಳಪ್ಪ ಅಂತರಿ.”

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾರ ಹೆದರಬ್ಯಾಡ. ಅಂವ ನನ್ನ ಕೈಯಾಗ ಕಲತಾಂವ. ನೌನಿನ ಪಾಠ ದಾಟಿ ಮುಂದ ಹೋಗಲೇ ಇಲ್ಲ. ಅದನ್ನ ಬಿಟ್ಟು ಬ್ಯಾರೆ ಕೇಳಾಕ ಅವನಿಗೇ ಬರಂಗಿಲ್ಲ. ಕುಂದರು. ನೌನ್ ಅಂದ್ರ ಹೆಸರು. ಮುರುಗೆಪ್ಪ, ಹುಬ್ಬಳ್ಳಿ, ಇವು ಅವರವರ ಸ್ವಂತ ಹೆಸರು, ಪ್ರಾಪರ್. ಹುಡುಗ, ಊರು, ಇವು ಅಂಥಾವಕ್ಕೆಲ್ಲಾ ಸಲ್ಲೂ ಹೆಸರು, ಕಾಮನ್. ಹತ್ತಿ, ಬಂಗಾರ, ಇಂಥಾ ವಸ್ತುವಿನ ಹೆಸರು ಮಟೀರಿಯಲ್.”

ಅಷ್ಟರಲ್ಲಿ ಓಣಿಯವರೆಲ್ಲ ಬಂದು ಕಟ್ಟೆಯ ಸುತ್ತ ನಿಂತಿದ್ದರು. ಮುರುಗ್ಯಾನ ಮದುವೆ ಎಂದರೆ ಓಣಿಯ ಮದುವೆಯಲ್ಲವೇ?

“ಕಲೆಕ್ಟಿವ್ ಅಂದ್ರ ಗುಂಪು. ಮನಿ ಕೆಲಸಾ ಬಿಟ್ಟು ಇಲ್ಲಿ ನಿಂತೈತಲ್ಲ, ಇದ!” ಎಂದು ಮಾಸ್ತರರು ಸುತ್ತ ಕೈಯಾಡಿಸಿದರು. ಗುಂಪು ಕದಲಲಿಲ್ಲ. “ಕಡೀದು ಆಬ್ಸ್ಟ್ರಾಕ್ಟ್. ಐತಿ ಅಂತಾರ, ಆದ್ರ ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ.”

“ನಮ್ಮನಿಯವರ ಬುದ್ಧಿ ಹಂಗ ಅಲ್ಲೇನ್ರಿ?” ಎಂದಳು ಪಕ್ಕದ ಮನೆಯ ಕರೀಮಾಬಿ.

“ಬರೋಬರಿ! ನೀ ಪಾಸು.”

ಮುರುಗೆಪ್ಪ ಹೊಸ ರುಮಾಲು ಸುತ್ತಿಕೊಂಡು ಗುಲಾಬಸಾಬನ ಟಾಂಗಾ ಏರಿದ. ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಉರು ಹೊಡೆಯುತ್ತ ಬಂದ. “ಹುಬ್ಬಳ್ಳಿ ಪ್ರಾಪರ್. ಗಿಡ ಕಾಮನ್. ಕುರಿಹಿಂಡು ಕಲೆಕ್ಟಿವ್. ಕುದುರಿ ಕಾಮನ್...”

ಟಾಂಗಾ ಗಕ್ಕನೆ ನಿಂತಿತು.

“ಯಾರಿಗೆ ಕಾಮನ್ ಅಂತೀ ಮುರುಗೆಪ್ಪಣ್ಣಾ?” ಗುಲಾಬಸಾಬನ ಮೀಸೆ ಕುಣಿಯುತ್ತಿತ್ತು. “ಇಂವ ರುಸ್ತುಂ! ಇವನಪ್ಪ ಕಲೆಕ್ಟರ ಸಾಹೇಬನ ಬಗ್ಗಿ ಗಾಡೀಗೆ ಇದ್ದಾಂವ!”

“ಕಾಕಾ, ಅದು ಬೈಗುಳ ಅಲ್ಲ, ವ್ಯಾಕರಣ!”

“ವ್ಯಾಕರಣ ನಿಮ್ಮ ಮನ್ಯಾಗ ಇಟ್ಕೋ. ನನ್ನ ರುಸ್ತುಂ ಪ್ರಾಪರ್ ಅನ್ನು, ಇಲ್ಲಾ ಇಳಿದು ನಡಕೋತ ಹೋಗು.”

ರುಸ್ತುಮನಿಗೆ ಪ್ರಾಪರ್ ಪದವಿ ಕೊಟ್ಟ ಮೇಲೆಯೇ ಟಾಂಗಾ ಮುಂದಕ್ಕೆ ಸಾಗಿದ್ದು. ಕುದುರೆಗೆ ಖುಷಿಯಾಯಿತೋ ಏನೋ, ಓಡಿದ ಓಟಕ್ಕೆ ಮುರುಗೆಪ್ಪನ ರುಮಾಲು ಹಾರಿಹೋಗಿ ಹಳ್ಳಕ್ಕೆ ಬಿತ್ತು. ಬರಿತಲೆಯಲ್ಲಿ, ಮೈತುಂಬ ಧೂಳು ಮೆತ್ತಿಕೊಂಡು ಅವನು ಸಿದ್ದಪ್ಪನವರ ಪಡಸಾಲೆ ಹತ್ತಿದ.

“ಬಾ ತಮ್ಮಾ, ಕುಂದರು,” ಎಂದರು ಸಿದ್ದಪ್ಪ. ಅವರ ತಾಯಿ ಶರಣವ್ವ ಕಂಬಕ್ಕೆ ಒರಗಿ ಕೂತಿದ್ದಳು. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಮುರುಗೆಪ್ಪ ಮೈಮೇಲಿನ ಧೂಳು ಕೊಡವಿಕೊಂಡ.

ಪಕ್ಕದಲ್ಲೇ ಕೂತಿದ್ದ ಮಡಿವಾಳಪ್ಪ ಗಂಟಲು ಸರಿಮಾಡಿಕೊಂಡ. “ನೌನ್ ಅಂದ್ರೇನು? ಎಷ್ಟು ನಮೂನಿ?”

ಗುರುಸಿದ್ದಯ್ಯ ಮಾಸ್ತರರೇ, ನಿಮ್ಮ ಬಾಯಿಗೆ ಸಕ್ಕರೆ! ಮುರುಗೆಪ್ಪ ಮಳೆ ಸುರಿದಂತೆ ಉತ್ತರ ಸುರಿಸಿದ. ಐದೂ ಬಗೆ ಹೇಳಿದ, ಕೇಳದ ಉದಾಹರಣೆಗಳನ್ನೂ ಕೊಟ್ಟ. ಮಡಿವಾಳಪ್ಪ ತಲೆದೂಗಿ, “ಪಾಸು!” ಎಂದ. ತನಗೆ ಗೊತ್ತಿದ್ದುದು ಮುಗಿದಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹೊಗಳಿಕೆ ಹೊಟ್ಟೆಗೆ ಹೋದವನ ಬಾಯಿ ನಿಲ್ಲುತ್ತದೆಯೇ? “ಇದೇನ್ ಮಹಾ ಬಿಡ್ರಿ. ನಿಮ್ಮ ನೀಲವ್ವಗೂ ಈಗಿಂದೀಗ ಕಲಸತೇನಿ!” ಎಂದುಬಿಟ್ಟ.

ಶರಣವ್ವನ ಕಣ್ಣು ಅರಳಿತು. “ಖರೇನ? ಕಲಸಪಾ, ನೋಡೂಣು. ನೀಲೀ, ಬಾರ ಇಲ್ಲಿ.”

ನೀಲವ್ವ ಬಂದು ಚಾಪೆಯ ತುದಿಯಲ್ಲಿ ಕೂತಳು. ಮುರುಗೆಪ್ಪ ಕಲಿಸಿದ. ಹುಡುಗಿ ಬಲು ಚುರುಕು, ಒಂದು ಹೇಳಿದರೆ ಎರಡು ತಿರುಗಿ ಹೇಳುತ್ತಿದ್ದಳು. ಕೊನೆಗೆ ಅವನು, “ಕಣ್ಣಿಗೆ ಕಾಣದ್ದು, ಆಬ್ಸ್ಟ್ರಾಕ್ಟ್. ಒಂದು ಹೇಳು ನೋಡೂಣು,” ಎಂದ.

“ನಾಚಿಕಿ,” ಎಂದು ನೀಲವ್ವ ತಲೆ ತಗ್ಗಿಸಿ ನಕ್ಕಳು.

ಆ ನಗುವಿಗೆ ಮುರುಗೆಪ್ಪ ಅಲ್ಲೇ ಕರಗಿಹೋದ. ಈ ಜನ್ಮದಲ್ಲಿ ಇಷ್ಟು ಸುಖ ಅವನಿಗೆ ಎಂದೂ ಆಗಿರಲಿಲ್ಲ.

ಶರಣವ್ವ ಎದ್ದು ಒಳಗೆ ಹೋಗಿ ಮಗನನ್ನೂ ಕರೆದಳು. ತುಸು ಹೊತ್ತಿಗೆ ತಟ್ಟೆ ಬಂತು. ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಶಾಲು. ನಿಶ್ಚಯವೇ ಆಗಿಹೋಯಿತು ಎಂದು ಮುರುಗೆಪ್ಪ ಎದೆಯುಬ್ಬಿಸಿ ಕೂತ. ಹಿಂದೆಯೇ ಹಿತ್ತಾಳೆಯ ಅಗಲವಾದ ಪರಾತವೂ ನೀರಿನ ತಂಬಿಗೆಯೂ ಬಂದವು. ಕಾಲು ತೊಳೆಯುತ್ತಾರೆಂದರೆ ಇಂದೇ ಮದುವೆಯ ಅಕ್ಕಿಕಾಳೂ ಬೀಳಬಹುದು!

“ಇದರಾಗ ಪಾದಾ ಇಡ್ರಿ, ಮಾಸ್ತರ್ರ,” ಎಂದಳು ಶರಣವ್ವ.

ಮಾಸ್ತರ್ರ? ಮುರುಗೆಪ್ಪ ಹಿಂದೆ ತಿರುಗಿ ನೋಡಿದ. ಅಲ್ಲಿ ಗೋಡೆ ಮಾತ್ರ ಇತ್ತು.

“ಅಮ್ಮಾರ, ನಾ ಬಂದದ್ದು...”

“ಗೊತ್ತೈತ್ರಿ. ವರಾ ಆಗಾಕ ಬಂದ್ರಿ, ಗುರು ಆಗಿ ಕುಂತ್ರಿ. ನಮ್ಮ ಪುಣ್ಯೇವು! ಒಂದಕ್ಷರಾ ಹೇಳಿಕೊಟ್ಟಾಂವನೂ ಗುರುನ. ಗುರು ಅಂದ್ರ ತಂದಿ ಇದ್ದಂಗ. ತಂದಿಗೆ ಯಾರರ ಹುಡುಗೀನ್ನ ಕೊಡತಾರೇನ್ರಿ?”

ಮುರುಗೆಪ್ಪ ಸಿದ್ದಪ್ಪನವರ ಮುಖ ನೋಡಿದ. ತಾಯಿಯ ಮಾತು ಮೀರದ ಸಿದ್ದಪ್ಪ ಕೈ ಮುಗಿದು ನಿಂತಿದ್ದರು. “ತಪ್ಪಾತ್ರಿ ಮಾಸ್ತರ್ರ, ಇಷ್ಟೊತ್ತನಕ ತಮ್ಮಾ ಅಂದ್ನಿ. ಐತವಾರಕ್ಕೊಮ್ಮೆ ಬಂದು ಪಾಠಾ ಹೇಳ್ರಿ. ಬಂದಾಗ ನನ್ನ ತಾರೂ ಓದಿದ್ರ ಆತು.”

ನೀಲವ್ವನ ಮುಖವೂ ಸಪ್ಪಗಾಗಿತ್ತು. ಆದರೆ ಆ ಮನೆಯಲ್ಲಿ ಅಜ್ಜಿಯೆದುರು ಯಾರ ಮುಖವೂ ನಡೆಯುತ್ತಿರಲಿಲ್ಲ. ಅವಳು ಬಂದು ಮುರುಗೆಪ್ಪನ ಪಾದಕ್ಕೆ ಹಣೆ ಹಚ್ಚಿದಳು. ಆಶೀರ್ವಾದಕ್ಕಾಗಿ ಮನೆಮಂದಿಯೆಲ್ಲ ಅವನ ಬಾಯಿಯನ್ನೇ ನೋಡುತ್ತ ನಿಂತರು.

“ಲಗೂನ... ಛಲೋ ಗಂಡ ಸಿಗಲಿ,” ಎಂದು ಮುರುಗೆಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

ಶರಣವ್ವ ಅವನ ಹೆಗಲಿಗೆ ಶಾಲು ಹೊದಿಸಿ ಹೇಳಿದಳು: “ನೀವ ಒಬ್ಬ ಹುಡುಗನ್ನ ನೋಡಿಕೊಡ್ರಿ, ಮಾಸ್ತರ್ರ. ಹೆಚ್ಚಿಗೆ ಏನೂ ಬ್ಯಾಡ. ಥೇಟ್ ನಿಮ್ಮಂಗ ಇದ್ರ ಸಾಕು.”