ನಾನು ಕಳೆದುಕೊಂಡ ಎರಡು ರಾಜಧಾನಿಗಳು

ಕೆಲವರಿಗೆ ಆಳುವ ಗುಣ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥವರು ಮದುವೆ ಊಟಕ್ಕೆ ಕೂತರೆ ಕೇಳದೆಯೇ ಅವರ ಎಲೆಗೆ ಎರಡನೇ ಸಲ ಪಾಯಸ ಬೀಳುತ್ತದೆ. ನಾನು ಆ ಪೈಕಿಯವನಲ್ಲ. ನಾನು ಕೈಯೆತ್ತಿ ಕರೆದರೆ ಬಡಿಸುವವನು ನನ್ನನ್ನು ನೋಡಿ ಮುಗುಳ್ನಕ್ಕು ಪಕ್ಕದ ಪಂಕ್ತಿಗೆ ಹೋಗುತ್ತಾನೆ. ಕಚೇರಿಯಲ್ಲಿ ಫ್ಯಾನ್ ಸ್ವಲ್ಪ ಕಮ್ಮಿ ಮಾಡಿ ಎಂದರೆ ಯಾರೋ ಎದ್ದು ಜಾಸ್ತಿ ಮಾಡುತ್ತಾರೆ. ಇಂಥ ನಾನು ಐವತ್ತೊಂದರ ವಯಸ್ಸಿನಲ್ಲಿ ಚಕ್ರವರ್ತಿಯಾಗಲು ಹೊರಟೆ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಮನೆಯಲ್ಲಿ ಆಗಲೇ ಇಬ್ಬರು ನಕ್ಕಾಗಿದೆ.

ಆದದ್ದಿಷ್ಟು. ನಾವು ಕಾಸರಗೋಡಿನ ಕಡೆಯವರು, ಹತ್ತು ಹದಿನೈದು ವರ್ಷದಿಂದ ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ನನಗೆ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಗುಮಾಸ್ತಿಕೆ. ನನ್ನ ಹೆಂಡತಿ ಶೈಲಜಾಳಿಗೆ ಹೋದ ವರ್ಷ ಬಡ್ತಿಯ ಜೊತೆಗೆ ತಿರುವನಂತಪುರಕ್ಕೆ ವರ್ಗವಾಯಿತು. ಅವಳು ಅಲ್ಲಿನ ಉಳ್ಳೂರಿನಲ್ಲಿ ಒಂದು ಕೋಣೆ ಹಿಡಿದಳು. ನಾನೂ ಒಂಬತ್ತನೇ ಕ್ಲಾಸಿನ ಮಗಳು ಅನಘಾಳೂ ಇಲ್ಲಿ ಉಳಿದೆವು. ದಿನಾ ಸಂಜೆ ಏಳಕ್ಕೆ ಫೋನು. "ಊಟಕ್ಕೆ ಎಂತ ಮಾಡಿದ್ರಿ?" "ಸಾಂಬಾರು." "ಯಾವುದರದ್ದು?" "ಬೆಂಡೆಕಾಯಿಯದ್ದು." ಮರುದಿನ ಬೆಂಡೆಕಾಯಿಯ ಜಾಗದಲ್ಲಿ ಬದನೆಕಾಯಿ. ಮೂರು ತಿಂಗಳಲ್ಲಿ ತರಕಾರಿಗಳೆಲ್ಲ ಮುಗಿದುಹೋದವು. ಕೊನೆಗೆ ಅನಘಾಳೇ ಒಂದು ದಾರಿ ಹುಡುಕಿದಳು: ಮೂವರೂ ಸೇರಿ ಆನ್‌ಲೈನಿನಲ್ಲಿ ಸಾಮ್ರಾಜ್ಯ ಕಟ್ಟುವ ಒಂದು ಆಟ ಆಡುವುದು, ಆಡುತ್ತಾ ಫೋನಿನಲ್ಲಿ ಮಾತಾಡುವುದು.

ಆಟ ಸರಳವೇ. ಶುರುವಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುಂಪು ಜನ ಮತ್ತು ಗದೆ ಹಿಡಿದ ಒಬ್ಬ ಸೈನಿಕ. ಆ ಜನರನ್ನು ಒಂದು ಕಡೆ ನಿಲ್ಲಿಸಿ ರಾಜಧಾನಿ ಕಟ್ಟಬೇಕು, ಆಮೇಲೆ ಸೈನ್ಯ, ಹೊಲ, ಇನ್ನಷ್ಟು ಊರು. ಒಬ್ಬೊಬ್ಬರದೇ ಸರದಿ, ಒಬ್ಬರು ಮುಗಿಸುವ ತನಕ ಉಳಿದವರು ಕಾಯಬೇಕು. ಶೈಲಜಾಳೂ ಅನಘಾಳೂ ಮೊದಲ ಸರದಿಯಲ್ಲೇ, ನಿಂತ ಜಾಗದಲ್ಲೇ, ಟಪ್ಪೆಂದು ರಾಜಧಾನಿ ಕಟ್ಟಿದರು. ಇದು ನನಗೆ ಸರಿಕಾಣಲಿಲ್ಲ. ರಾಜಧಾನಿ ಎಂದ ಮೇಲೆ ನೀರು ನೋಡಬೇಡವೇ? ಗಾಳಿ ಬೆಳಕು ನೋಡಬೇಡವೇ? ನಾನು ಜನರನ್ನು ಕರೆದುಕೊಂಡು ಹೊರಟೆ. ಒಂದು ಕಡೆ ನದಿ ಇತ್ತು, ಗುಡ್ಡ ಇರಲಿಲ್ಲ. ಇನ್ನೊಂದು ಕಡೆ ಗುಡ್ಡ ಇತ್ತು, ಪಕ್ಕದಲ್ಲಿ ಕೆಸರು. ಏಳನೇ ಸರದಿಯಲ್ಲೂ ನಾನು ಜಾಗ ನೋಡುತ್ತಿರುವಾಗ ಅನಘಾ ತಲೆ ಚಚ್ಚಿಕೊಂಡಳು. "ಅಪ್ಪಾ, ಇದು ವೀಡಲ್ಲ, ಗೇಮಾಣ್!" ಮನೆಯಲ್ಲ, ಆಟ ಎಂದು ಅರ್ಥ. ನಾವು ಅವಳೊಡನೆ ಕನ್ನಡದಲ್ಲೇ ಮಾತಾಡುತ್ತೇವೆ. ಅವಳಿಗೆ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲೇ ಬರುತ್ತದೆ. ಈ ವಿಷಯದಲ್ಲಿ ನಾನು ಅವಳಿಗೆ ಎಷ್ಟೋ ಭಾಷಣ ಬಿಗಿದಿದ್ದೇನೆ.

ಅಂತೂ ಒಂಬತ್ತನೇ ಸರದಿಯಲ್ಲಿ ನದಿ, ಗುಡ್ಡ, ಸಮುದ್ರ ಮೂರೂ ಇರುವ ಜಾಗ ಸಿಕ್ಕಿತು. ನಮ್ಮ ಕಡೆಯ ಊರಿನ ನೆನಪಿಗೆ ಕುಂಬಳೆ ಎಂದು ಹೆಸರಿಟ್ಟು, ಕೂಡಲೇ ಒಂದು ಕಲ್ಲಿನ ಮಹಾಗೋಪುರ ಕಟ್ಟಲು ಆಜ್ಞೆ ಮಾಡಿದೆ. ಮುಗಿಯಲು ಇಪ್ಪತ್ತೆರಡು ಸರದಿ ಬೇಕು ಎಂದು ಯಂತ್ರ ಎಚ್ಚರಿಸಿತು. ಬೇಕಾದರೆ ಬೇಕಾಗಲಿ. ಸೈನಿಕರನ್ನು ಯಾರು ಬೇಕಾದರೂ ಮಾಡಿಯಾರು, ಗೋಪುರ ಕಟ್ಟುವುದಕ್ಕೆ ಸಂಸ್ಕಾರ ಬೇಕು. ಗೋಪುರಕ್ಕೆ ಇನ್ನು ಎರಡೇ ಸರದಿ ಬಾಕಿ ಎನ್ನುವಾಗ ಊರಿನ ಹೊರಗೆ ಶೈಲಜಾಳ ಐದು ಜನ ಬಿಲ್ಲುಗಾರರು ಕಾಣಿಸಿದರು.

"ಶೈಲೂ, ನಿನ್ನವರು ನನ್ನ ಗದ್ದೆಯಲ್ಲಿ ನಿಂತಿದ್ದಾರಲ್ಲ?" ಎಂದು ಫೋನಿನಲ್ಲಿ ಕೇಳಿದೆ.

"ಸುಮ್ಮನೆ ವಾಕಿಂಗ್ ಬಂದದ್ದು ಮಾರಾಯ್ರೆ."

"ಬಿಲ್ಲು ಹಿಡ್ಕೊಂಡಾ?"

"ನಾಯಿ ಕಾಟ ಇದೆಯಲ್ಲ."

ನಾನು ನಂಬಿದೆ. ತಿರುವನಂತಪುರದಲ್ಲೂ ಕೊಚ್ಚಿಯಲ್ಲೂ ನಾಯಿ ಕಾಟ ಇರುವುದು ಸುಳ್ಳಲ್ಲವಷ್ಟೇ. ಮುಂದಿನ ಸರದಿಯಲ್ಲಿ ಕುಂಬಳೆ ಅವಳದಾಯಿತು. ಅದರ ಮುಂದಿನ ಸರದಿಯಲ್ಲಿ ನನ್ನ ಗೋಪುರ ಅವಳ ಹೆಸರಿನಲ್ಲಿ ಉದ್ಘಾಟನೆಯಾಯಿತು.

ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ. "ನಿಜವಾಗ್ಲೂ ಸಿಟ್ಟಾ?" ಎಂದು ಕೇಳಿದಳು. "ಸಿಟ್ಟೆಂತದ್ದು." "ಊಟ ಆಯ್ತಾ?" "ರಾಜ್ಯ ಹೋದವನಿಗೆ ಊಟ ಯಾಕೆ?" ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ನಗು ತಡೆದುಕೊಳ್ಳುತ್ತಿದ್ದಳೆಂದು ಕಾಣುತ್ತದೆ. ನಿಜ ಹೇಳಬೇಕೆಂದರೆ ಆಗಲೇ ಎರಡು ಸಲ ಅನ್ನ ಹಾಕಿಕೊಂಡು ಉಂಡಿದ್ದೆ.

ಸಿಟ್ಟು ಇಳಿದ ಮೇಲೆ ಹಟ ಹತ್ತಿತು. ಈ ಆಟದ ಮೊದಲ ಇಪ್ಪತ್ತು ಸರದಿಗಳಲ್ಲಿ ಏನೇನು ಮಾಡಬೇಕೆಂದು ಬಲ್ಲವರು ಇಂಟರ್‌ನೆಟ್ಟಿನಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಅದನ್ನೆಲ್ಲ ಪ್ರಿಂಟ್ ತೆಗೆದು ಮೆಟ್ರೋದಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಗೆರೆ ಹಾಕುತ್ತಾ ಓದಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಮರ್ಯಾದೆಯಿಂದ, "ಡಿಪಾರ್ಟ್‌ಮೆಂಟ್ ಪರೀಕ್ಷೆಯಾ ಸಾರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದೆ. "ಈ ವಯಸ್ಸಿನಲ್ಲೂ!" ಎಂದು ಅವರು ಮೆಚ್ಚಿದರು. ಸಾರಾಂಶ ಇಷ್ಟೇ: ರಾಜಧಾನಿ ಕೂಡಲೇ ಕಟ್ಟು, ಸುತ್ತ ಏನಿದೆಯೆಂದು ನೋಡಲು ಜನ ಕಳಿಸು, ಎರಡನೇ ಊರು ಬೇಗ ಮಾಡು, ಬಾಗಿಲಲ್ಲಿ ಕಾವಲು ಇಡು, ಗೋಪುರದ ಆಸೆ ಬಿಡು.

ಶನಿವಾರ ಶೈಲಜಾ ರೈಲಿಳಿದು ಬಂದಳು. ಯುದ್ಧಪರಿಹಾರವೆಂದು ಒಂದು ಪೊಟ್ಟಣ ಬೋಳಿ ತಂದಿದ್ದಳು. ತಿರುವನಂತಪುರದ ಬೋಳಿ ಎಂದರೆ ನಮ್ಮ ಹೋಳಿಗೆಯ ತಂಗಿ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಕೂತು ಹೊಸ ಆಟ ಶುರುಮಾಡಿದೆವು. ಈ ಸಲ ನಾನು ಬೇರೆಯೇ ಮನುಷ್ಯ. ಮೊದಲ ಸರದಿಯಲ್ಲೇ ರಾಜಧಾನಿ. ಹತ್ತನೆಯದರಲ್ಲಿ ಎರಡನೇ ಊರು. ಬಾಗಿಲಲ್ಲಿ ನಾಲ್ವರು ಸೈನಿಕರು. "ಭಾರೀ ಜೋರಿದ್ದೀರಲ್ಲ," ಎಂದಳು ಶೈಲಜಾ, ನಿಜವಾದ ಗಾಬರಿಯಿಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ದನಿಯಲ್ಲಿ ಆ ಗಾಬರಿ ಕೇಳಿದ್ದು ಅದೇ ಮೊದಲು. ನನಗೆ ಕೂತ ಕುರ್ಚಿಯೇ ಸಿಂಹಾಸನದಂತೆ ಅನ್ನಿಸಿತು.

ಹದಿನಾಲ್ಕನೇ ಸರದಿಯ ಹೊತ್ತಿಗೆ ಚಾ ಮಾಡಲೆಂದು ನಾನು ಒಳಗೆ ಹೋದೆ. ಅನಘಾ ಹಿಂದೆಯೇ ಬಂದಳು. ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಅಚ್ಚ ಕನ್ನಡದಲ್ಲಿ ಹೇಳಿದಳು: "ಅಪ್ಪಾ, ನಾವಿಬ್ಬರೂ ಸ್ನೇಹಿತರಾಗಿರೋಣ. ನೀವು ನಿಮ್ಮ ಸೈನಿಕರನ್ನೆಲ್ಲ ಅಮ್ಮನ ಮೇಲೆ ಕಳುಹಿಸಿ. ನಿಮ್ಮ ರಾಜಧಾನಿಯನ್ನು ನಾನು ನೋಡಿಕೊಳ್ಳುತ್ತೇನೆ."

ನನ್ನ ಕೈಯಲ್ಲಿದ್ದ ಸಕ್ಕರೆ ಡಬ್ಬಿ ಅಲ್ಲೇ ನಿಂತಿತು. ಮೂರು ಪೂರ್ಣ ವಾಕ್ಯಗಳು! 'ಕಳುಹಿಸಿ' ಎಂದಳು, 'ಕಳ್ಸಿ' ಎಂದೂ ಅಲ್ಲ! ಎದೆ ತುಂಬಿ ಬಂತು. ಮೂವರ ಚಾಕ್ಕೂ ಸಕ್ಕರೆ ಎರಡೆರಡು ಸಲ ಬಿತ್ತು. ಹೊರಗೆ ಬಂದವನೇ ಕಾವಲಿನ ನಾಲ್ವರನ್ನೂ ಶೈಲಜಾಳ ದೇಶಕ್ಕೆ ಅಟ್ಟಿದೆ. ಓದಿದ ಪುಟಗಳಲ್ಲಿ ಬಾಗಿಲು ಖಾಲಿ ಬಿಡಬೇಡ ಎಂದು ನಾನೇ ಕೆಂಪು ಗೆರೆ ಹಾಕಿದ್ದು ನೆನಪಿತ್ತು. ಆದರೆ ಅದನ್ನು ಬರೆದವನಿಗೆ ಮಗಳು ಇದ್ದಿರಲಾರಳು.

ಅವಳು ನನ್ನ ರಾಜಧಾನಿಯನ್ನು ನೋಡಿಕೊಂಡಳು. ಎರಡೇ ಸರದಿ ನೋಡಿದಳು. ಮೂರನೆಯದರಲ್ಲಿ ಒಳಗೆ ಬಂದು ಕೂತಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ತಾಯಿ ಮಗಳು ಮೇಜಿನ ಮೇಲೆ ಕೈಗೆ ಕೈ ತಟ್ಟಿದರು. ಆಮೇಲೆ ಗೊತ್ತಾಯಿತು, ಆ ಮೂರು ವಾಕ್ಯಗಳನ್ನು ಬರೆದು ಬಾಯಿಪಾಠ ಮಾಡಿಸಿದ್ದು ಶೈಲಜಾಳೇ, ಹಿಂದಿನ ದಿನ ಸಂಜೆಯೇ. "ನಿಮ್ಮ ಕೋಟೆಗೆ ಬಾಗಿಲು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?" ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಮರುದಿನ ಕಚೇರಿಯಲ್ಲಿ ಎರಡು ಮೇಜಿಗೆ ಹೋಗಿ, ಮಗಳು ಕನ್ನಡ ಎಷ್ಟು ಚೆಂದ ಮಾತಾಡಿದಳೆಂದು ಹೇಳಿಕೊಂಡು ಬಂದೆ. ಯಾವ ಸಂದರ್ಭದಲ್ಲಿ ಎಂಬುದನ್ನು ಹೇಳಲಿಲ್ಲ.

ಸೋಮವಾರ ಸಂಜೆ ಶೈಲಜಾ ಉಳ್ಳೂರು ಸೇರಿಯಾಗಿತ್ತು. ನಾನು ದೋಸೆ ಹೊಯ್ಯುತ್ತಾ, ನಿನ್ನೆಯ ಕನ್ನಡ ಇನ್ನೂ ಚೂರಾದರೂ ಉಳಿದಿರಬಹುದೆಂಬ ಆಸೆಯಿಂದ, "ಮಗಳೇ, ಇನ್ನೊಂದು ದೋಸೆ ಹಾಕಲಾ?" ಎಂದೆ.

"ವೇಂಡ ಅಪ್ಪಾ, ಮದಿ," ಎಂದಳು ಅವಳು, ಬೇಡ, ಸಾಕು ಎಂದು. ನನ್ನಲ್ಲಿ ಕಸಿದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲವಲ್ಲ, ಕನ್ನಡವನ್ನು ಯಾಕೆ ವ್ಯರ್ಥ ಮಾಡಿಯಾಳು?

ಮಗಳೇ, ಕನ್ನಡದಲ್ಲಿ ಹೇಳು ಎಂದು ಇವತ್ತಾದರೂ ಗಟ್ಟಿಯಾಗಿ ಹೇಳಿಬಿಡಬೇಕೆಂದು ಸಟ್ಟುಗ ಹಿಡಿದುಕೊಂಡೇ ತಿರುಗಿ, ಬಾಯಿ ತೆರೆದು ಜೋರಾಗಿ ಅಂದೆ: "ಮೋಳೇ, ಕನ್ನಡತ್ತಿಲ್ ಪರಯೂ!"